ಪೇರಲಕ್ಕೆ ಶಾಸ್ತ್ರವಿಲ್ಲ

ಇಚಲಕರಂಜಿ
೮ ಸೆಪ್ಟೆಂಬರ್ ೨೦೨೪, ಭಾನುವಾರ

ಕಾಜಲ,

ರೊಟ್ಟಿ ಡಬ್ಬಿಯ ತಳದಲ್ಲಿ ಈ ಪತ್ರವಿದೆ. ಪಕ್ಕದಲ್ಲಿ, ನೀನು ಹಬ್ಬಕ್ಕೆಂದು ಕಳಿಸಿದ ಮೊಗ್ರಾ ಅತ್ತರಿನ ಬಾಟಲಿಯೂ ಇದೆ. ಎರಡನ್ನೂ ಬಟ್ಟೆ ಸಾಗಿಸುವ ಆಶಿಷನ ಟೆಂಪೋದಲ್ಲಿ ಹಾಕಿದ್ದೇನೆ. ಬಟ್ಟೆಯ ಗಂಟುಗಳ ನಡುವೆ ಕೂತು ರೊಟ್ಟಿ ಕೊಲ್ಹಾಪುರಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಪುಕ್ಕಟೆ ತಿರುಗಾಡುವುದು ಅದೊಂದೇ.

ಫೋನ್ ಮಾಡಬಾರದೇ ಎಂದು ಕೇಳುತ್ತೀ. ನಮ್ಮ ಓಣಿಯಲ್ಲಿ ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ. ನಾನು ‘ಉಂಡ್ಯಾ?’ ಅನ್ನಬೇಕು, ನೀನು ‘ಹಾಂ?’ ಅನ್ನಬೇಕು, ನಾನು ಮತ್ತೆ ‘ಉಂಡ್ಯಾ?’ ಅನ್ನಬೇಕು. ಕನ್ನಡದಲ್ಲಿ ಬಿ.ಎ. ಮಾಡಿದ್ದು ಇದಕ್ಕಲ್ಲ. ಕಾಗದದ ಮೇಲೆ ಮಗ್ಗ ಸುಮ್ಮನಿರುತ್ತದೆ.

ಬಾಟಲಿ ಚೆಂದವಿದೆ. ಒಮ್ಮೆ ಮುಚ್ಚಳ ತೆಗೆದು ಮೂಸಿದೆ, ಸುಳ್ಳು ಹೇಳುವುದಿಲ್ಲ. ಮೂಸಿ ಮುಚ್ಚಿದೆ. ಗಂಡ ಸತ್ತವಳ ಮೈಯಿಂದ ಮಲ್ಲಿಗೆಯ ವಾಸನೆ ಬಂದರೆ, ಓಣಿಗೆ ಮೂಗಷ್ಟೇ ಅಲ್ಲ, ಬಾಯಿಯೂ ಇದೆ. ತಲೆಯಲ್ಲಿ ಮುಡಿಯಬಾರದ್ದನ್ನು ಬಾಟಲಿಯಲ್ಲಿ ತುಂಬಿದರೆ ಅದು ಬೇರೆಯಾಗಿಬಿಡುತ್ತದೆಯೇ?

ಮುಡಿಗೆ ಇಲ್ಲದ ಹೂವು
ಮೈಗೆ ಹಚ್ಚಿದರೆ ನೋವು.

ಪ್ರಾಸ ಕೂಡಿತು. ಹಾಗಾಗಿ ಮಾತು ಖರೆಯೇ ಇರಬೇಕು.

ಯಾರಾದರೂ ಹೊಸ ಮದುವಣಗಿತ್ತಿಗೆ ಮಾರಿಬಿಡು. ರೊಟ್ಟಿಗೆ ಶೇಂಗಾ ಹಿಂಡಿ ಮೇಲಿನ ಡಬ್ಬಿಯಲ್ಲಿದೆ. ಮೂಗಿನ ಕೆಲಸ ಮಾಡುವವಳು, ಅದನ್ನು ಗಟ್ಟಿಯಾಗಿ ಮುಚ್ಚಿಡು.

ನಿನ್ನ ಅವ್ವ,
ಮಲಕವ್ವ


ಕೊಲ್ಹಾಪುರ
೨೨ ಸೆಪ್ಟೆಂಬರ್ ೨೦೨೪

ಅವ್ವಾ,

ಗಟ್ಟಿಯಾಗಿ ಮುಚ್ಚಿದ್ದರೂ ನಿನ್ನ ಪತ್ರಕ್ಕೆ ಹಿಂಡಿಯ ವಾಸನೆ ಹತ್ತಿತ್ತು. ಅಂಗಡಿಯಲ್ಲಿ ಬಿಚ್ಚಿ ಓದುತ್ತಿದ್ದೆ. ನಮ್ಮ ಮಾಲೀಕ ಜೀವನಣ್ಣ ಮೂಗು ಅರಳಿಸಿ, “ಹಾ ಕೋಣತಾ ನವೀನ ಮಾಲ?” ಎಂದರು, ಇದ್ಯಾವ ಹೊಸ ಮಾಲು ಎಂದು. ನಮ್ಮ ಅವ್ವನ ಕಂಪನಿಯದು, ಮಾರಾಟಕ್ಕಿಲ್ಲ ಎಂದೆ.

ಮೊಗ್ರಾವನ್ನೂ ಮಾರಲಿಲ್ಲ. ನನ್ನ ಕೌಂಟರಿನ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಇರಲಿ ಅಲ್ಲಿ.

ಈ ಕೆಲಸಕ್ಕೆ ಸೇರಿದಾಗಿನಿಂದ ಒಂದು ತಮಾಷೆ ನೋಡುತ್ತಿದ್ದೇನೆ. ಗಿರಾಕಿ ಬಂದರೆ ನಾವು ಸಣ್ಣ ಕಾಗದದ ಪಟ್ಟಿಗೆ ಅತ್ತರು ಹಾಕಿ ಮೂಸಲು ಕೊಡುತ್ತೇವೆ. ಗುಲಾಬಿ ಕೊಟ್ಟರೆ ಜನ ಕಣ್ಣು ಮುಚ್ಚಿ, ಗುಡಿಯಲ್ಲಿ ನಿಂತವರ ಹಾಗೆ ‘ಛಲೋ ಐತಿ’ ಅನ್ನುತ್ತಾರೆ. ಚಂದನ ಕೊಟ್ಟರೆ ಗಂಭೀರ ಆಗುತ್ತಾರೆ. ಅದೇ ಮಾವು, ಪೀಚು, ಪೇರಲ ಕೊಟ್ಟು ನೋಡು, ಎಂಥ ಬಿಗಿ ಮುಖದವರೂ ನಕ್ಕುಬಿಡುತ್ತಾರೆ. ಉಗುಳು ನುಂಗುತ್ತಾರೆ. ಮೊನ್ನೆ ಒಬ್ಬ ಪೊಲೀಸ್ ಸಾಹೇಬರು ಲಿಚಿಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು, ಪೋರನ ಹಾಗೆ. ಜೀವನಣ್ಣ ಹೇಳುತ್ತಾರೆ, “ಫೂಲ ದೇವಾಲಾ, ಫಳ ಪೋರಾಲಾ” — ಹೂವು ದೇವರಿಗೆ, ಹಣ್ಣು ಮಕ್ಕಳಿಗೆ. ನಿನಗೆ ಈ ಪ್ರಾಸ ಹಿಡಿಸುತ್ತದೆ ಅಂತ ಬರೆದೆ.

ಇನ್ನೊಂದು ಗುಟ್ಟು. ಮಲ್ಲಿಗೆಯಿಂದ ಎಣ್ಣೆ ತೆಗೆಯಬಹುದು, ಪೇರಲದಿಂದ ಆಗುವುದಿಲ್ಲ. ನಾಲ್ಕಾರು ರಸಾಯನ ಕೂಡಿಸಿ, ಮೂಗಿಗೆ ಪೇರಲ ಎನ್ನಿಸುವ ಹಾಗೆ ಕಟ್ಟುತ್ತಾರೆ. ಪೇರಲದ ಅತ್ತರಿನಲ್ಲಿ ಪೇರಲವೇ ಇಲ್ಲ! ಮೊದಲು ಹಣ್ಣು ಬರುತ್ತದೆ, ಅರ್ಧ ತಾಸಿನಲ್ಲಿ ಹಾರಿಹೋಗುತ್ತದೆ. ಅದು ಓಡಿಹೋಗದಂತೆ ಅಡಿಯಲ್ಲಿ ಸ್ವಲ್ಪ ಕಟ್ಟಿಗೆಯ ವಾಸನೆ ಸೇರಿಸಬೇಕು.

ಒಂದು ಕೇಳಲಾ? ಮೊದಲು ಒಡಪಿನಲ್ಲಿ ನಿನ್ನನ್ನು ಸೋಲಿಸುವವರು ಯಾರೂ ಇರಲಿಲ್ಲ. ಅರಿಶಿಣ-ಕುಂಕುಮಕ್ಕೆ ಹೋದಲ್ಲೆಲ್ಲ ಹೆಂಗಸರು ‘ಮಲಕವ್ವಾ, ಗಂಡನ ಹೆಸರ ಹೇಳ’ ಎಂದು ದುಂಬಾಲು ಬೀಳುತ್ತಿದ್ದರು, ನೀನು ಅಪ್ಪನ ಹೆಸರಿಗೆ ಪ್ರತಿಸಲ ಹೊಸ ಪ್ರಾಸ ಕಟ್ಟುತ್ತಿದ್ದೆ. ಈಗಲೂ ಕಟ್ಟುತ್ತೀಯಾ?

ನಿನ್ನ,
ಕಾಜಲ


ಕೊಲ್ಹಾಪುರ
೨೭ ಅಕ್ಟೋಬರ್ ೨೦೨೪

ಅವ್ವಾ,

ಡಬ್ಬಿಗಳು ಬಂದವು, ಪತ್ರ ಬರಲಿಲ್ಲ. ಒಡಪಿನ ಮಾತು ತೆಗೆಯಬಾರದಿತ್ತೇನೋ.

ಖಾಲಿ ಡಬ್ಬಿ ಕಳಿಸಬಾರದು ಎಂದು ನೀನೇ ಕಲಿಸಿದ್ದೀ. ಅದಕ್ಕೆ ದೀಪಾವಳಿಯ ಮುಂಚೆ ಇದರಲ್ಲಿ ಒಂದು ಸಣ್ಣ ಶೀಶೆ ಇಟ್ಟಿದ್ದೇನೆ. ಹೂವಲ್ಲ. ಪೇರಲ. ನಾನೇ ಕೂಡಿಸಿದ್ದು, ಜೀವನಣ್ಣ ಪಕ್ಕದಲ್ಲಿ ನಿಂತು ಬೈಯುತ್ತಿದ್ದರು. ಬೇಡವಾದರೆ ವಾಪಸು ಕಳಿಸು, ಆದರೆ ಈ ಸಲ ಪತ್ರದ ಜೊತೆ.

ನಿನ್ನ,
ಕಾಜಲ


ಇಚಲಕರಂಜಿ
೧೦ ನವೆಂಬರ್ ೨೦೨೪, ಭಾನುವಾರ

ಕಾಜಲ,

ಪೇರಲದ ಅತ್ತರಿನಲ್ಲಿ ಪೇರಲವೇ ಇಲ್ಲ ಎಂದು ಆಶ್ಚರ್ಯದಿಂದ ಬರೆದಿದ್ದೆ. ಮಗಳೇ, ನಾನು ದಿನವೂ ‘ಪ್ಯೂರ್ ಕಾಟನ್’ ಎಂದು ಛಾಪು ಹೊಡೆದ ಬಟ್ಟೆಯ ಥಾನುಗಳನ್ನು ಮೇಜಿನ ಮೇಲೆ ಹರವಿ ತಪ್ಪು ಹುಡುಕುವವಳು. ನನಗೆ ಇದೆಲ್ಲ ಹೇಳಬೇಡ.

ಶೀಶೆಯನ್ನು ಕೆಲವು ದಿನ ಉಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ವಾಪಸು ಕಳಿಸಬೇಕೆಂದೇ. ಆಮೇಲೆ ವಿಚಾರ ಮಾಡಿದೆ. ನನಗೆ ಬೇಡವೆಂದವರು ಏನೇನು ಬೇಡವೆಂದಿದ್ದಾರೆ? ಹೂವು ಬೇಡ ಎಂದಿದ್ದಾರೆ. ಕುಂಕುಮ ಬೇಡ, ಹಸಿರು ಬಳೆ ಬೇಡ, ಅತ್ತರದಾನಿಯ ಗುಲಾಬಿ, ಮೊಗ್ರಾ ಬೇಡ. ಪೇರಲದ ಹೆಸರನ್ನು ಯಾರೂ ಎತ್ತಿಲ್ಲ. ಹಿಂದಿನ ಮುದುಕಿಯರಿಗೆ ಪೇರಲವನ್ನು ಮೈಗೆ ಹಚ್ಚಬಹುದು ಎಂಬುದೇ ಹೊಳೆದಿರಲಿಲ್ಲ. ಹೊಳೆದಿದ್ದರೆ ಅದಕ್ಕೂ ಒಂದು ಶಾಸ್ತ್ರ ಮಾಡುತ್ತಿದ್ದರು. ಅವರು ಮರೆತರು, ನನಗೆ ಲಾಭವಾಯಿತು.

ಬುಧವಾರ ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡು ಕೆಲಸಕ್ಕೆ ಹೋದೆ.

ಮೇಜಿನ ಮುಂದೆ ಕೂತು ಸ್ವಲ್ಪ ಹೊತ್ತಾಗಿತ್ತು. ಲೆಕ್ಕ, ಮಾಲು ನೋಡುವ ನಮ್ಮ ದಿವಾಣಜಿ ಬಂದರು. ಮೂಗು ಮೇಲೆ ಮಾಡಿದರು.

“ಯಾರ್ರೀ ಅದು, ಪೇರಲ ತಂದಾರ?”

ನಾವೆಲ್ಲ ಥಾನಿನ ಮೇಲೆ ಇನ್ನಷ್ಟು ಬಗ್ಗಿದೆವು.

“ಹಣ್ಣ ತಿಂದ ಕೈಲೆ ಥಾನ ಮುಟ್ಟಿದ್ರ ಡಾಗ ಬೀಳ್ತಾವು! ಡಾಗ ಬಿದ್ದ ಮಾಲ ನಿಮ್ಮ ಮಾವ ತಗೋತಾನೇನು? ಹೊರಗ ತಗೀರಿ!”

ಯಾರ ಹತ್ತಿರವೂ ಇರಲಿಲ್ಲ, ಯಾರೂ ತೆಗೆಯಲಿಲ್ಲ. ಅವರಿಗೆ ಸಿಟ್ಟು ಬಂತು. ಎಲ್ಲರ ಚೀಲ ಬಿಚ್ಚಿಸಿದರು. ಡಬ್ಬಿ ತೆಗೆಸಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ದಸರೆಯಲ್ಲಿ ಕಳೆದಿದ್ದ ನನ್ನ ಕತ್ತರಿ ಸಿಕ್ಕಿತು, ಉಪಕಾರ. ಕೊನೆಗೆ ಗಂಟು ಕಟ್ಟಿಟ್ಟ ಮಾಲನ್ನೂ ಮೂಸಿದರು. ಪೇರಲ ಸಿಗಲಿಲ್ಲ, ವಾಸನೆ ಹೋಗಲಿಲ್ಲ. “ಭೂತಾಟಕಿ” ಎನ್ನುತ್ತ ಹೊರಗೆ ಹೋದರು.

ನೋಡು, ಇಷ್ಟು ಹುಡುಕಿದರೂ ಅವರ ತಲೆಗೆ ಅತ್ತರು ಎಂಬುದು ಬರಲೇ ಇಲ್ಲ. ಅದು ವಿಧವೆಯರು ಕೂತ ಮೇಜು. ಅಲ್ಲಿಂದ ಸುವಾಸನೆ ಬಂದರೆ ತಿನ್ನುವ ವಸ್ತುವೇ ಇರಬೇಕು ಎಂದು ತೀರ್ಮಾನ.

ಪಕ್ಕದಲ್ಲಿ ಕೂರುವ ಲಗಮವ್ವ ಮಾತ್ರ ಬಿಡಲಿಲ್ಲ. ಊಟದ ಹೊತ್ತಿಗೆ ನನ್ನ ಕೈ ಹಿಡಿದು ಮೊಳಕೈಯಿಂದ ಬೆರಳ ತನಕ ಮೂಸಿದಳು.

“ಯವ್ವಾ, ಪೇರಲ ನೀನ ಅದೀ!”

ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಮನೆಗೆ ಬರುವಾಗ ವಾಸನೆ ಹಾರಿತ್ತು. ಮಣಿಕಟ್ಟನ್ನು ಮೂಗಿಗೆ ಒತ್ತಿದರೆ ಕಟ್ಟಿಗೆಯ ಹಿಂದೆ ಸ್ವಲ್ಪ ಉಳಿದಿತ್ತು. ನಿಮ್ಮ ಅಪ್ಪ ಪಾಳಿ ಬಿಟ್ಟು ಬರುವಾಗ ಪೇರಲ ತರುತ್ತಿದ್ದ. ನಾನು ಹೆಚ್ಚುತ್ತಿದ್ದೆ, ಅವನು ಉಪ್ಪು-ಖಾರ ಸುರಿಯುತ್ತಿದ್ದ. ಯಾವಾಗಲೂ ಉಪ್ಪು ಜಾಸ್ತಿ. ಇರಲಿ.

ಶೀಶೆ ವಾಪಸು ಬರುವುದಿಲ್ಲ.

ನಿನ್ನ ಅವ್ವ,
ಮಲಕವ್ವ


ಕೊಲ್ಹಾಪುರ
೮ ಡಿಸೆಂಬರ್ ೨೦೨೪

ಅವ್ವಾ,

ದಿವಾಣಜಿಯ ಕಥೆಯನ್ನು ಜೀವನಣ್ಣನಿಗೆ ಮರಾಠಿಯಲ್ಲಿ ಹೇಳಿದೆ. ನಕ್ಕೂ ನಕ್ಕೂ ಅವರ ಕೈಯಿಂದ ಗುಲಾಬಿ ಚೆಲ್ಲಿತು. ನಿನ್ನಿಂದ ನನಗೆ ಬೈಗುಳ.

ಈಗ ಬೇರೆ ವಿಷಯ. ಗಡಹಿಂಗ್ಲಜದಿಂದ ಹೌಸಾ ಅತ್ತಿ ಫೋನ್ ಮಾಡಿದ್ದಳು. ಅವಳ ಮಗ ಪ್ರತೀಕನ ಹೆಂಡತಿ ಮೋನಾಲಿಗೆ ಇದು ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿಯಲ್ಲವೇ? ಸೊಸೆಗೆ ಕರಿ ಸೀರೆ ಉಡಿಸಿ, ಸಕ್ಕರೆ ಕುಸುರೆಳ್ಳಿನ ದಾಗಿನ ತೊಡಿಸಿ, ಜನವರಿಯಲ್ಲಿ ದೊಡ್ಡ ಅರಿಶಿಣ-ಕುಂಕುಮ ಮಾಡುತ್ತಾಳಂತೆ. ಬಂದವರ ಕೈಗೆ ಹಚ್ಚಲು ಮೊಗ್ರಾ ಅತ್ತರು ನಮ್ಮ ಅಂಗಡಿಯಿಂದಲೇ ಬೇಕಂತೆ, ‘ನಮ್ಮ ಯಮನಪ್ಪನ ಮಗಳ ಕೈಲಿಂದ’ ಎಂದಳು.

ನಾನು ಹೇಳಿದೆ: “ಮೊಗ್ರಾ ಇಲ್ಲತ್ತಿ. ಪೇರಲ ಕಳಸ್ತೀನಿ. ಮತ್ತ, ಅದನ್ನ ಬಂದ ಎಲ್ಲಾರ ಕೈಗೂ ಹಚ್ಚಬೇಕು.”

 ಅತ್ತಿ “ಹಾಲು ಉಕ್ಕಾಕತ್ತೈತಿ” ಎಂದು ಫೋನ್ ಇಟ್ಟಳು.

ಅವ್ವಾ, ನೀನು ಹೋಗಬೇಕು. ಪ್ರತೀಕನ ಮದುವೆಯಲ್ಲಿ ನೀನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಸಂಕ್ರಾಂತಿಯ ಗಿರಾಕಿಗಳಿರುತ್ತಾರೆ, ನನಗೆ ರಜೆ ಸಿಗುವುದಿಲ್ಲ. ಆದರೆ ನೀನು ಹೋಗಬೇಕು.

ನಿನ್ನ,
ಕಾಜಲ


ಇಚಲಕರಂಜಿ
೧೫ ಡಿಸೆಂಬರ್ ೨೦೨೪

ಕಾಜಲ,

ನನ್ನ ಕೈಗೆ ನೀನು ವಕೀಲಳಾಗಬೇಡ. ಹೌಸಕ್ಕ ನಿಮ್ಮ ಅಪ್ಪನ ಹಿರಿ ಅಕ್ಕ. ಅವಳು ಕೇಳಿದ್ದನ್ನು ಕಳಿಸು.

ಪೇರಲ ಮಗ್ಗದ ಊರಿಗೆ ಸಾಕು. ಗಡಹಿಂಗ್ಲಜಕ್ಕೆ ನಾನು ಹೋಗುವುದಿಲ್ಲ. ಕಾರಣವೇನೂ ಇಲ್ಲ. ಕೆಲಸ ಬಹಳ ಇದೆ.

ಇವತ್ತು ಪ್ರಾಸವೂ ಇಲ್ಲ.

ಮಲಕವ್ವ


ಕೊಲ್ಹಾಪುರ
೨೨ ಡಿಸೆಂಬರ್ ೨೦೨೪

ಅವ್ವಾ,

ಕಾರಣವೇನೂ ಇಲ್ಲ ಎಂದು ಬರೆದಿದ್ದೀ. ನನಗೆ ಗೊತ್ತು.

ಅಪ್ಪ ತೀರಿಹೋದ ವರ್ಷವೇ ಹೌಸಾ ಅತ್ತಿಯ ಹೊಸ ಮನೆಯ ವಾಸ್ತುಶಾಂತಿ ಆಯಿತಲ್ಲ. ನಾನು ಬಾಗಿಲ ಹತ್ತಿರ ಚಹಾದ ತಾಟು ಹಿಡಿದು ನಿಂತಿದ್ದೆ. ಅತ್ತಿ ಅತ್ತರದಾನಿ ಹಿಡಿದು ಸಾಲಾಗಿ ಬರುತ್ತಿದ್ದಳು. ಹೆಂಗಸರೆಲ್ಲ ಕೈ ಮುಂದೆ ಮಾಡುತ್ತಿದ್ದರು. ನೀನೂ ಮಾಡಿದೆ, ಪ್ರತಿಸಲ ಮಾಡುವ ಹಾಗೆ. ನೆನಪಿಲ್ಲದೆ. ಅತ್ತಿ ನಿನ್ನ ಕೈ ದಾಟಿ ಮುಂದಿನವರ ಕೈಗೆ ಹೋದಳು.

ಆಗ ನೀನೇನು ಮಾಡಿದೆ ಗೊತ್ತೇ? ಆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅದಕ್ಕೆ ಏನೋ ಹತ್ತಿತ್ತು ಎನ್ನುವ ಹಾಗೆ. ಆಮೇಲೆ ಪಾತ್ರೆ ತೊಳೆಯಲು ಒಳಗೆ ಹೋದೆ.

ಎಲ್ಲಾ ಕೆಲಸ ಬಿಟ್ಟು ಮೂಗಿನ ಕೆಲಸ ಯಾಕೆ ಹಿಡಿದೆ ಎಂದು ನೀನು ಕೇಳುತ್ತಿದ್ದೆಯಲ್ಲ. ಪ್ರತಿದಿನ ಎಷ್ಟೋ ಕೈಗಳಿಗೆ ಅತ್ತರು ಹಚ್ಚುತ್ತೇನೆ, ಯಾರ ಕೈಯನ್ನೂ ದಾಟುವುದಿಲ್ಲ. ಯಾರು ಏನು ಎಂದು ಕೇಳುವುದಿಲ್ಲ.

ಹೋಗು ಎಂದು ಇನ್ನು ಒತ್ತಾಯ ಮಾಡುವುದಿಲ್ಲ. ಪೇರಲವನ್ನು ಅತ್ತಿಗೆ ಕಳಿಸಿದ್ದಾಗಿದೆ.

ನಿನ್ನ,
ಕಾಜಲ


ಗಡಹಿಂಗ್ಲಜ
೧೨ ಜನವರಿ ೨೦೨೫

ಮಲಕವ್ವಾ,

ನಾ ಹೇಳತೇನಿ, ಪ್ರತೀಕ ಬರ್ಯಾಕತ್ತಾನ. ನಾ ಅಂದಂಗ ಬರಿ ಅಂದೇನಿ, ಸುಧಾರಸಬ್ಯಾಡ ಅಂದೇನಿ.

ನಿನ್ನ ಮಗಳಿಗೆ ಮೊಗ್ರಾ ಬೇಡಿದ್ನಿ, ಪೇರಲ ಕಳಿಸ್ಯಾಳ. ಮತ್ತ ಮ್ಯಾಲ ಶರತ್ತು ಹಾಕ್ಯಾಳ! ನಮ್ಮ ಕಾಲದಾಗ ಅತ್ತಿಗೆ ಶರತ್ತ ಹಾಕೋ ಹುಡುಗ್ಯಾರು ಇರಲಿಲ್ಲ. ಅದಕ ಬುದ್ಧಿ ಹೇಳು. ಇಲ್ಲಿ ಬಂದು ನನ್ನ ಮುಂದ ಹೇಳು, ನಾನೂ ಕೇಳತೇನಿ.

ಪೇರಲ ಹಚ್ಚಬಹುದೇನು ಅಂತ ಓಣಿಯಾಗಿನ ಹಿರ್ಯಾರನ್ನೆಲ್ಲಾ ಕೇಳೇನಿ. ಮುಕ್ತಾಬಾಯಿ ಅಂತೂ ಎಲ್ಲಾದಕೂ ಒಂದು ಶಾಸ್ತ್ರ ಹೇಳಾಕಿ. ಆಕಿನೂ ಭಾಳ ವಿಚಾರ ಮಾಡಿ, “ಪೇರಲಕ್ಕ ಏನೂ ಇಲ್ಲವಾ” ಅಂದ್ಲು. ಮುಗೀತಲ್ಲ.

ಶೀಶೆ ನಾ ದಿನಾ ಮೂಸಿ ನೋಡಾಕತ್ತೇನಿ. (ಅಡುಗಿ ಬಿಟ್ಟು ಮೂಸ್ತಾಳ, ಮಾಮಿ. ಇದನ್ನ ಬರೀಬ್ಯಾಡ ಅಂದ್ಲು, ಬರದೇನಿ. — ಪ್ರತೀಕ)

ಇಪ್ಪತ್ನಾಕಕ್ಕ ಶುಕ್ರವಾರ ಅರಿಶಿಣ-ಕುಂಕುಮ. ಮುಂಜಾನಿ ಬಸ್ಸಿಗೆ ಬಾ. ಅಡುಗಿಗೆ ಹೆಣ್ಣಮಕ್ಕಳನ್ನ ಹಚ್ಚೇನಿ. ಅಡುಗಿಮನ್ಯಾಗ ನಿನಗ ಜಾಗಾ ಇಲ್ಲ.

ಹೌಸಾಬಾಯಿ
(ಹೆಬ್ಬೆಟ್ಟು ಒತ್ತಿಲ್ಲ, ತಾನೇ ಸಹಿ ಮಾಡ್ಯಾಳ. — ಪ್ರ.)


ಇಚಲಕರಂಜಿ
೨೬ ಜನವರಿ ೨೦೨೫, ಭಾನುವಾರ

ಕಾಜಲ,

ನಿನ್ನ ಡಿಸೆಂಬರಿನ ಪತ್ರಕ್ಕೆ ಉತ್ತರ ಬರೆಯಲಾಗಲಿಲ್ಲ. ಬರೆಯಲು ಕೂತೆ, ಏಳಲೂ ಆಗಲಿಲ್ಲ, ಬರೆಯಲೂ ಆಗಲಿಲ್ಲ. ನೀನು ನೋಡಿರಲಿಲ್ಲ ಎಂದುಕೊಂಡಿದ್ದೆ. ಇರಲಿ ಎನ್ನುವುದಿಲ್ಲ ಈ ಸಲ.

ಹೋಗಿದ್ದೆ. ಮನೆ ಬಿಡುವಾಗ ಮಣಿಕಟ್ಟಿಗೆ ಏನೂ ಹಚ್ಚಿಕೊಳ್ಳಲಿಲ್ಲ. ಬರಿಗೈಯಲ್ಲೇ ಹೋಗಿ ನೋಡೋಣ ಎಂದು.

ಹೌಸಕ್ಕನ ಪಡಸಾಲೆ ತುಂಬಿತ್ತು. ನಿಜವಾಗಿಯೂ ಅಡುಗೆಮನೆಯ ಬಾಗಿಲಿಗೆ ಖುರ್ಚಿ ಅಡ್ಡ ಹಾಕಿದ್ದಳು. ಮೋನಾಲಿ ಕರಿ ಸೀರೆಯಲ್ಲಿ, ಸಕ್ಕರೆಯ ಹಾರ ಹಾಕಿಕೊಂಡು ಕೂತಿದ್ದಳು. ಕುತ್ತಿಗೆಗೆ ಇರುವೆ ಬಂದರೆ ಏನು ಮಾಡುತ್ತೀ ಎಂದು ಕೇಳಿದೆ. ಮರಾಠಿ ಹುಡುಗಿ, ಅರ್ಧ ತಿಳಿಯಿತು, ಪೂರ್ತಿ ನಕ್ಕಳು. ನಾನು ಗೋಡೆಯ ಹತ್ತಿರ, ಸಾಲಿನ ಕೊನೆಗೆ ಕೂತೆ. ಎರಡೂ ಕೈಗಳನ್ನು ಮಡಿಲಲ್ಲಿ ಸೆರಗಿನ ಕೆಳಗೆ ಇಟ್ಟುಕೊಂಡೆ. ಕೈಗೆ ನೆನಪಿರುವುದಿಲ್ಲ, ತಾನೇ ಮುಂದೆ ಹೋಗುತ್ತದೆ. ಅದನ್ನು ಹಿಡಿದಿಡಬೇಕು.

ಹೌಸಕ್ಕ ಅತ್ತರದಾನಿ ಹಿಡಿದು ಹೊರಟಳು. ಮನೆಯೆಲ್ಲ ಪೇರಲದ ತೋಟವಾಯಿತು. ಹೆಂಗಸರು ಕೈ ಮೂಸಿಕೊಂಡು “ಅಯ್ಯ, ಇದೇನ ಇದು!” ಎನ್ನುತ್ತ ಬಾಯಿ ಚಪ್ಪರಿಸಿದರು. ನೀನು ಬರೆದಿದ್ದೆಯಲ್ಲ, ಹಾಗೆಯೇ. ಮುಕ್ತಾಬಾಯಿ ಎರಡೂ ಕೈಗೆ ಹಚ್ಚಿಸಿಕೊಂಡಳು.

ಹೌಸಕ್ಕ ನನ್ನ ಮುಂದೆ ಬಂದು ನಿಂತಳು. ನಾನು ಕೈ ತೆಗೆಯಲಿಲ್ಲ. ಅವಳು ಹೋಗಲಿಲ್ಲ.  ಎಲ್ಲರೂ ನೋಡುತ್ತಿದ್ದರು.

“ಮೊಣಕಾಲ ನೋವ್ತಾವು, ಮಲಕವ್ವಾ,” ಎಂದಳು. “ಎಷ್ಟೊತ್ತ ನಿಂದ್ರಸ್ತಿ?”

ಕೈ ತೆಗೆದೆ. ಹಚ್ಚಿದಳು. ತಣ್ಣಗಿತ್ತು. 

ಆಮೇಲೆ ಒಡಪು ಶುರುವಾದವು. ಮೋನಾಲಿ ನಾಚಿಕೊಂಡು ಮರಾಠಿಯಲ್ಲಿ ಪ್ರತೀಕನ ಹೆಸರು ಹೇಳಿದಳು. ಒಬ್ಬೊಬ್ಬರೂ ಹೇಳಿದರು, ಹಳೆಯ ಪ್ರಾಸಗಳೇ, ಸವೆದ ಮಗ್ಗದ ಸದ್ದಿನ ಹಾಗೆ. ಸಾಲು ನನ್ನ ತನಕ ಬಂತು. ನನ್ನ ಪಕ್ಕದವಳು ಮುಗಿಸಿ ತಾಂಬೂಲದ ಕಡೆ ತಿರುಗಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸ ಸೊಸೆಗೆ ನಮ್ಮ ಲೆಕ್ಕ ಇನ್ನೂ ಗೊತ್ತಿಲ್ಲ. ನನ್ನ ಕೈಗೆ ಅತ್ತರು ಹಚ್ಚಿದ್ದನ್ನು ನೋಡಿದ್ದಾಳೆ, ಹಾಗಾದರೆ ನನ್ನ ಸರದಿಯೂ ಇದೆ ಎಂದುಕೊಂಡಿದ್ದಾಳೆ.

“ಮಾಮಿ, ಆತಾ ತುಮಚಾ ಉಖಾಣಾ!” ಎಂದಳು, ಈಗ ನನ್ನ ಒಡಪಂತೆ.

ಯಾರೋ ಅವಳ ಸೀರೆ ಜಗ್ಗಿದರು. ಅವಳು “ಕಾಯ ಝಾಲಂ?” ಎಂದು, ಏನಾಯಿತೆಂದು ತಿಳಿಯದೆ, ಎಲ್ಲರ ಮುಖ ನೋಡಿದಳು.

ನಾನು ಮಣಿಕಟ್ಟನ್ನು ಮೂಗಿಗೆ ಹಿಡಿದೆ. ಪ್ರಾಸ ಬಂತು, ಕಾಜಲ. ನಾನು ಕಟ್ಟಲಿಲ್ಲ, ತಾನಾಗಿ ಬಂತು.

“ಪೇರಲಹಣ್ಣ ಹೆಚ್ಚೇನಿ, ಹಚ್ಚೇನಿ ಖಾರಾ ಉಪ್ಪ,
ವಾಸನಿ ಹಿಡದ ಬಂದಾನ ನೋಡ್ರಿ, ನಮ್ಮ ಮನಿ ಯಮನಪ್ಪ.”

 ಹೌಸಕ್ಕ ಅತ್ತರದಾನಿ ಹಿಡಿದುಕೊಂಡೇ ನನ್ನ ಮುಂದೆ ನೆಲದ ಮೇಲೆ ಕೂತಳು.

“ಇನ್ನೊಮ್ಮಿ ಹೇಳ.”

“ಒಡಪ ಎರಡ ಸಲ ಹೇಳಾಂಗಿಲ್ಲಕ್ಕಾ. ಹಳೇದಾಗತೈತಿ.”

“ಪ್ರಾಸ ಯಾರಿಗೆ ಬೇಕಾಗೇತಿ? ಹೆಸರ ಹೇಳ. ಈ ಮನ್ಯಾಗ ನನ್ನ ತಮ್ಮನ ಹೆಸರ ಯಾರೂ ತಗಿಯೂದ ಇಲ್ಲ.”

ಹೇಳಿದೆ. ಅವಳೂ ಹೇಳಿದಳು. ಮೋನಾಲಿ ಏನೂ ತಿಳಿಯದೆ ಇಬ್ಬರಿಗೂ ಎಳ್ಳುಬೆಲ್ಲ ಕೊಟ್ಟಳು. ಆಮೇಲೆ ಮುಕ್ತಾಬಾಯಿ, “ನಿಮ್ಮ ಯಮನಪ್ಪ ಉಪ್ಪ ಭಾಳ ತಿಂತಿದ್ದ ಬಿಡ” ಎಂದಳು. ಆಗ ನಗು ಬಂತು, ಮನೆಯೆಲ್ಲ.

ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ಮಗು ನನ್ನ ಕೈಯನ್ನೇ ನೋಡುತ್ತಿತ್ತು. ಚೀಲದಲ್ಲಿ ಹಣ್ಣಿದೆ ಎಂದುಕೊಂಡಿತ್ತೋ ಏನೋ. ಮೂಸಲು ಕೊಟ್ಟೆ.

ಇನ್ನು ಕೆಲಸದ ಮಾತು. ಲಗಮವ್ವನಿಗೆ ಅನಾನಸಿನದು ಬೇಕಂತೆ. ಕಳಿಸು, ದಿವಾಣಜಿ ಈ ಸಲ ಮೇಜಿನ ಕೆಳಗೆ ಅನಾನಸ ಹುಡುಕಲಿ. ನನಗೆ ಪೇರಲ ಇನ್ನೂ ಇದೆ, ಯುಗಾದಿ ತನಕ ಬರುತ್ತದೆ.

ನಿನ್ನ ಕೌಂಟರಿನ ಕೆಳಗಿನ ಖಾನೆಯಲ್ಲಿ ಆ ಮೊಗ್ರಾ ಬಾಟಲಿ ಇನ್ನೂ ಇದೆಯೇ? ಇದ್ದರೆ, ಖಾಲಿ ಡಬ್ಬಿಯ ಜೊತೆ ಅದನ್ನೂ ಕಳಿಸು.

ನಿನ್ನ ಅವ್ವ,
ಮಲಕವ್ವ ಯಮನಪ್ಪ